ಬೈಪಾಸ್ ಆದಮೇಲೆ ಅಮೈನೋ ಆಸಿಡ್ ಪುಡಿ ಬೇಕೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಲಿನ ರಕ್ತನಾಳ ತೆಗೆದು ಹೃದಯಕ್ಕೋ ಕಾಲಿಗೋ ಬೈಪಾಸ್ ಮಾಡಿಸಿಕೊಂಡವರ ಮನೆಗಳಿಂದ ಅಮೈನೋ ಆಸಿಡ್ (ಪ್ರೋಟೀನ್ ಕಟ್ಟುವ ಬಿಡಿ ತುಣುಕುಗಳು) ಪುಡಿ, ಮಾತ್ರೆಗಳ ಬಗ್ಗೆ ಸಾಕಷ್ಟು ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಹೃದಯ ಶಸ್ತ್ರಚಿಕಿತ್ಸೆ ಮತ್ತು ಪೌಷ್ಟಿಕ ಆಹಾರದ ತಜ್ಞರು ಇಲ್ಲಿ ಉತ್ತರಿಸಿದ್ದಾರೆ. ಬರೆದವರ ಹೆಸರು ಕೈಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಹೃದಯಾಘಾತವಾಗಿ ಎರಡು ವಾರಕ್ಕೆ ಬೈಪಾಸ್ ಆಯಿತು. ಎದೆಯೊಳಗಿನ ನಾಳ ಒಂದು ಕಡೆ, ಕಾಲಿನ ನಾಳ ಎರಡು ಕಡೆ ಜೋಡಿಸಿದ್ದಾರೆ. ಈಗ ಒಂದೂವರೆ ತಿಂಗಳಾಗಿದೆ. ಅಮೆರಿಕದಲ್ಲಿರುವ ತಮ್ಮ ಎಲ್-ಆರ್ಜಿನಿನ್ ಡಬ್ಬ ಕಳುಹಿಸಿದ್ದಾನೆ. ದಿನಕ್ಕೆ 6 ಗ್ರಾಂ ಅಂತ ಬರೆದಿದೆ. ಇದು ಕೊಟ್ಟರೆ ಹೊಸ ನಾಳ ಬೇಗ ಕೂಡಿಕೊಳ್ಳುತ್ತದೆ, ಮತ್ತೆ ಬ್ಲಾಕ್ ಆಗುವುದಿಲ್ಲ ಎನ್ನುತ್ತಾನೆ. ಕೊಡಬಹುದೇ ಡಾಕ್ಟರೇ?
(ಹಾಸನ)

ಉತ್ತರ: ಕೊಡಬೇಡಿ. ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ, ಮುಂದಿನ ಭೇಟಿಯಲ್ಲಿ ಡಬ್ಬವನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ನಿಮ್ಮ ತಮ್ಮ ಹೇಳುವ ಮಾತಿಗೆ ಬುಡವಿಲ್ಲ ಎಂದಲ್ಲ. ರಕ್ತನಾಳದ ಒಳಪದರದ ಕೋಶಗಳು ಆರ್ಜಿನಿನ್ ಎಂಬ ಅಮೈನೋ ಆಸಿಡ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ. ಈ ಅನಿಲ ನಾಳವನ್ನು ಸಡಿಲಗೊಳಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಗೋಡೆಯ ಸ್ನಾಯುಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. ನೈಟ್ರಿಕ್ ಆಕ್ಸೈಡ್ ದೇಹದಲ್ಲಿ ಹೀಗೆ ಸಂದೇಶ ಸಾಗಿಸುತ್ತದೆ ಎಂದು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೋ, ಮುರಾಡ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಮೊಲಗಳಿಗೆ ನಾಳ ಕಸಿ ಮಾಡಿ ಆರ್ಜಿನಿನ್ ಕೊಟ್ಟಾಗ ಕಸಿ ನಾಳದ ಗೋಡೆ ದಪ್ಪವಾಗುವುದು ಕಡಿಮೆಯಾದದ್ದೂ ನಿಜ. ಡಬ್ಬದ ಮೇಲಿನ ಜಾಹೀರಾತು ಇಲ್ಲಿಗೇ ನಿಂತುಬಿಡುತ್ತದೆ.

ಮನುಷ್ಯರ ಮೇಲೆ ನಡೆದ ಪ್ರಯೋಗ ಬೇರೆಯದನ್ನೇ ಹೇಳಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆಗತಾನೆ ಹೃದಯಾಘಾತವಾಗಿದ್ದ 153 ಮಂದಿಯಲ್ಲಿ ಒಂದು ಗುಂಪಿಗೆ 3 ಗ್ರಾಂ ಆರ್ಜಿನಿನ್ ದಿನಕ್ಕೆ ಮೂರು ಸಲದ ಗುರಿಯಿಟ್ಟು ಆರು ತಿಂಗಳು, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಹುಸಿ ಮದ್ದು ಎಂದು ಶುರು ಮಾಡಿದರು. ನಾಳಗಳ ಬಿಗಿತ ಕಡಿಮೆಯಾಗಲಿಲ್ಲ, ಹೃದಯದ ಪಂಪಿಂಗ್ ಸುಧಾರಿಸಲಿಲ್ಲ. ಆರ್ಜಿನಿನ್ ಗುಂಪಿನಲ್ಲಿ ಆರು ಜನ ತೀರಿಕೊಂಡರು, ಹುಸಿ ಮದ್ದಿನ ಗುಂಪಿನಲ್ಲಿ ಒಬ್ಬರೂ ಇಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ, ಹೃದಯಾಘಾತವಾದವರಿಗೆ ಇದನ್ನು ಕೊಡಬಾರದು ಎಂದು 2006ರಲ್ಲಿ ಪ್ರಕಟಿಸಿದರು. ಸಂಖ್ಯೆ ಚಿಕ್ಕದು, ಒಪ್ಪುತ್ತೇವೆ. ಆದರೆ ಲಾಭ ಸೊನ್ನೆ ಇರುವಾಗ ಇಷ್ಟು ಅನುಮಾನವೇ ಸಾಕು. ಅವರೆಲ್ಲ ನಿಮ್ಮ ತಂದೆಯವರಂತೆಯೇ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದವರು ಎಂಬುದನ್ನು ಮರೆಯಬೇಡಿ.

ಮೊಲಕ್ಕೆ ಆದದ್ದು ಮನುಷ್ಯರಿಗೆ ಯಾಕೆ ಆಗಲಿಲ್ಲ? ಒಳಪದರದ ಕೋಶದಲ್ಲಿ ಆರ್ಜಿನಿನ್‌ಗೆ ಮೊದಲೇ ಕೊರತೆ ಇರುವುದಿಲ್ಲ, ಅದರಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ. ಸಕ್ಕರೆ ಕಾಯಿಲೆ, ಧೂಮಪಾನ, ವಯಸ್ಸಿನಿಂದ ಹಾಳಾದ ನಾಳದಲ್ಲಿ ಕೆಡುವುದು ಆ ಕಿಣ್ವ. ಕೆಟ್ಟ ಕಿಣ್ವ ನೈಟ್ರಿಕ್ ಆಕ್ಸೈಡ್ ಬದಲು ನಾಳಕ್ಕೆ ಹಾನಿ ಮಾಡುವ ಆಕ್ಸಿಜನ್ ರೂಪಗಳನ್ನು ಹೊರಬಿಡುತ್ತದೆ. ಅದಕ್ಕೆ ಇನ್ನಷ್ಟು ಆರ್ಜಿನಿನ್ ಸುರಿದರೆ ರಿಪೇರಿ ಆಗದು. ಬಾಯಿಯಿಂದ ತೆಗೆದುಕೊಂಡ ಆರ್ಜಿನಿನ್‌ನಲ್ಲಿ ದೊಡ್ಡ ಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ಉಳಿದದ್ದರಲ್ಲೂ ಒಂದಿಷ್ಟು ಆರ್ಜಿನೇಸ್ ಎಂಬ ಇನ್ನೊಂದು ಕಿಣ್ವದ ದಾರಿ ಹಿಡಿದು ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಕಟ್ಟಲು, ಕೋಶಗಳು ಇಮ್ಮಡಿಯಾಗಲು ಬಳಕೆಯಾಗುತ್ತದೆ. ಚರ್ಮದ ಗಾಯಕ್ಕೆ ಅದು ಒಳ್ಳೆಯದು. ಗೋಡೆ ದಪ್ಪಗಾದರೆ ರಕ್ತದ ದಾರಿಯೇ ಕಿರಿದಾಗುವ ಕಸಿ ನಾಳಕ್ಕೆ ಅದು ಬೇಡದ್ದು.

ಔಷಧಿಗಳ ಜತೆಗಿನ ತೊಂದರೆ ಬೇರೆ. ಬಿ.ಪಿ., ಹೃದಯಕ್ಕೆ ಕೊಡುವ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಆರ್ಜಿನಿನ್ ಹೈಡ್ರೋಕ್ಲೋರೈಡ್ ಪೊಟ್ಯಾಸಿಯಂ ಏರಿಸಬಹುದು. ಎದೆನೋವಿನ ನೈಟ್ರೇಟ್ ಮಾತ್ರೆ ಜತೆ ಬಿ.ಪಿ. ದಿಢೀರನೆ ಇಳಿಯಬಹುದು. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಭೇದಿಯೂ ಆಗುತ್ತದೆ. ಎಲ್-ಸಿಟ್ರುಲಿನ್ ಎಂದು ಮಾರುವುದು ಮೂತ್ರಪಿಂಡದಲ್ಲಿ ಆರ್ಜಿನಿನ್ ಆಗಿಯೇ ಬದಲಾಗುವ ಕಾರಣ, ಅದಕ್ಕೂ ಇದೇ ಉತ್ತರ. ಜಿಮ್‌ನವರು ಕುಡಿಯುವ ಪ್ರೀ-ವರ್ಕೌಟ್ ಪುಡಿಗಳಲ್ಲಿ ಇವೆರಡರ ಜತೆ ಕೆಫೀನ್ ಕೂಡ ಇರುತ್ತದೆ. ಅವು ಮನೆಯಲ್ಲಿದ್ದರೆ ತಂದೆಯವರ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಕಸಿ ಮಾಡಿದ ನಾಳ "ಗುಣವಾಗುವುದು" ಎಂದರೆ ನಿಜಕ್ಕೂ ಏನಾಗುತ್ತದೆ? ಎಷ್ಟು ಕಾಲ ಬೇಕು? ಅದು ಮುಚ್ಚಿಕೊಳ್ಳದಂತೆ ನಾವು ಮಾಡಬೇಕಾದ್ದೇನು?
(ಧಾರವಾಡ)

ಉತ್ತರ: ಪಾದದ ಗಂಟಿನಿಂದ ತೊಡೆಸಂದಿಯವರೆಗೆ ಕಾಲಿನ ಒಳಬದಿಯಲ್ಲಿ ಹೋಗುವ ಸಫೀನಸ್ ನಾಳ ಹೃದಯದ ಕಡೆಗೆ ಹಿಂತಿರುಗುವ ರಕ್ತದ ದಾರಿ. ಮಲಗಿರುವಾಗ ಅದರೊಳಗಿನ ಒತ್ತಡ 10 ಮಿ.ಮೀ. ಆಸುಪಾಸು. ಅದನ್ನು ಬಿಡಿಸಿ, ಒಳಗಿನ ಕವಾಟಗಳು ಅಡ್ಡ ಬರದಂತೆ ತುದಿ ತಿರುಗಿಸಿ, ಮಹಾಧಮನಿಗೂ ಹೃದಯದ ಮೇಲಿನ ನಾಳಕ್ಕೂ ನಡುವೆ ಹೊಲಿದ ಕ್ಷಣದಿಂದ ಪ್ರತಿ ಬಡಿತಕ್ಕೂ 120 ಮಿ.ಮೀ. ಒತ್ತಡ ಅದರ ಮೇಲೆ ಬೀಳುತ್ತದೆ. ತೆಳ್ಳಗಿನ ಗೋಡೆ ಈ ಒತ್ತಡ ತಾಳಲು ದಪ್ಪಗಾಗಲೇಬೇಕು. ಬೇಕಾದಷ್ಟು ದಪ್ಪಗಾಗಿ ನಿಂತರೆ ಅದೇ ಗುಣವಾಗುವುದು. ನಿಲ್ಲದೆ ಬೆಳೆದರೆ ಅದೇ ಕಾಯಿಲೆ.

ಮೊದಲ ತಿಂಗಳಲ್ಲಿ ನಾಳ ಮುಚ್ಚಿದರೆ ಬಹುತೇಕ ರಕ್ತ ಹೆಪ್ಪುಗಟ್ಟಿದ್ದರಿಂದ. ನಾಳ ತೆಗೆಯುವಾಗ ಒಳಪದರ ಕಿತ್ತುಹೋದ ಕಡೆ ಪ್ಲೇಟ್‌ಲೆಟ್‌ಗಳು ಕೂರುತ್ತವೆ. ಒಂದು ತಿಂಗಳಿಂದ ಒಂದು ವರ್ಷದವರೆಗೆ ಸ್ನಾಯುಕೋಶಗಳು ಒಳಗಡೆಗೆ ಸರಿದು ಪದರ ಕಟ್ಟುವ ಕಾಲ. ವರ್ಷ ಕಳೆದ ಮೇಲೆ ಆ ದಪ್ಪ ಪದರದಲ್ಲಿ ಕೊಬ್ಬು ತುಂಬಿಕೊಳ್ಳಲು ಶುರುವಾಗುತ್ತದೆ. ಹತ್ತು ವರ್ಷಕ್ಕೆ ಕಾಲಿನ ನಾಳಗಳಲ್ಲಿ ಅರ್ಧದಷ್ಟು ಮುಚ್ಚಿರುತ್ತವೆ ಅಥವಾ ಕಿರಿದಾಗಿರುತ್ತವೆ. ಎದೆಗೂಡಿನ ಒಳಗಿನ ಮ್ಯಾಮರಿ ನಾಳವಾದರೆ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ, ಏಕೆಂದರೆ ಅದು ಹುಟ್ಟಿನಿಂದಲೇ ಧಮನಿ. ಮುಖ್ಯ ನಾಳಕ್ಕೆ ಅದನ್ನೇ ಹಾಕುವುದು ಇದಕ್ಕಾಗಿ.

ಸ್ನಾಯುಕೋಶಗಳು ಪದರ ಕಟ್ಟುವ ಈ ಎರಡನೆಯ ಹಂತವನ್ನು ತಡೆಯಲು ಬಹಳ ಪ್ರಯತ್ನ ನಡೆದಿದೆ. ಎಡಿಫೋಲಿಗೈಡ್ ಎಂಬ ಔಷಧಿಯಲ್ಲಿ ನಾಳವನ್ನು ಅದ್ದಿ ಹೊಲಿದರೆ ಕೋಶ ಬೆಳವಣಿಗೆ ನಿಲ್ಲುತ್ತದೆ ಎಂದು ಪ್ರಾಣಿಗಳಲ್ಲಿ ಕಂಡಿತ್ತು. 3,014 ರೋಗಿಗಳ ಪ್ರಯೋಗದ ಫಲ 2005ರಲ್ಲಿ ಬಂದಾಗ ಔಷಧಿ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸವೇ ಇರಲಿಲ್ಲ. ಒಂದೂವರೆ ವರ್ಷದೊಳಗೆ ಎರಡೂ ಗುಂಪಿನಲ್ಲಿ ಸುಮಾರು 45 ಪ್ರತಿಶತ ಜನರಿಗೆ ಕನಿಷ್ಠ ಒಂದು ನಾಳ ಕೆಟ್ಟಿತ್ತು. ಪ್ರಾಣಿಗಳಲ್ಲಿ ಗೆದ್ದ ಅಮೈನೋ ಆಸಿಡ್‌ಗಳ ಬಗ್ಗೆ ನಾವು ಎಚ್ಚರದಿಂದ ಮಾತಾಡುವುದಕ್ಕೆ ಇದೂ ಒಂದು ಕಾರಣ.

ನಾಳವನ್ನು ಕಾಪಾಡುವುದು ಏನು ಎಂಬುದು ಗೊತ್ತಿದೆ. ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಶುರುವಾಗಿ ಜೀವನಪೂರ್ತಿ ಮುಂದುವರಿಯುವ ಆಸ್ಪಿರಿನ್, ಸಾಮಾನ್ಯವಾಗಿ ದಿನಕ್ಕೆ 75ರಿಂದ 150 ಮಿ.ಗ್ರಾಂ. ಜತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. 1997ರಲ್ಲಿ ಪ್ರಕಟವಾದ, 1,351 ಬೈಪಾಸ್ ರೋಗಿಗಳ ಅಧ್ಯಯನದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನು 100ರ ಕೆಳಗೆ ಇಳಿಸಿದವರಲ್ಲಿ 27 ಪ್ರತಿಶತ ನಾಳಗಳಲ್ಲಿ ಕಾಯಿಲೆ ಮುಂದುವರಿದಿತ್ತು, 135ರ ಆಸುಪಾಸು ಉಳಿದವರಲ್ಲಿ 39 ಪ್ರತಿಶತ. ಈಗ ಗುರಿ 70ಕ್ಕಿಂತ ಕೆಳಗೆ, ಹಲವರಿಗೆ 55. "ಕೊಲೆಸ್ಟ್ರಾಲ್ ನಾರ್ಮಲ್ ಬಂತು" ಎಂದು ಮೂರು ತಿಂಗಳಿಗೇ ಸ್ಟ್ಯಾಟಿನ್ ಬಿಟ್ಟು, ಅದೇ ದುಡ್ಡಿನಲ್ಲಿ ಅಮೈನೋ ಪುಡಿ ಕೊಳ್ಳುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಕಡೆ ಮಾತ್ರ ಆರ್ಜಿನಿನ್‌ಗೆ ಜಾಗ ಸಿಕ್ಕಿದೆ, ಅದೂ ರೋಗಿಯ ಹೊಟ್ಟೆಯಲ್ಲಿ ಅಲ್ಲ, ಆಪರೇಷನ್ ಟೇಬಲ್ ಪಕ್ಕದ ಬಟ್ಟಲಿನಲ್ಲಿ. ತೆಗೆದ ನಾಳವನ್ನು ಹೊಲಿಯುವವರೆಗೆ ಯಾವುದಾದರೂ ದ್ರವದಲ್ಲಿ ಇಡಬೇಕು. ಬರೀ ಸಲೈನ್‌ನಲ್ಲಿಟ್ಟರೆ ಒಳಪದರ ಬೇಗ ಸಾಯುತ್ತದೆ. ಗ್ಲುಟಾಥಯೋನ್, ಆಸ್ಕಾರ್ಬಿಕ್ ಆಸಿಡ್, ಎಲ್-ಆರ್ಜಿನಿನ್ ಸೇರಿಸಿದ ದ್ರಾವಣ ಹೊರದೇಶಗಳಲ್ಲಿ ಬಳಕೆಯಲ್ಲಿದೆ. ಇದರ ಜತೆಗೆ, ಸೋರಿಕೆ ನೋಡಲು ಸಿರಿಂಜ್‌ನಿಂದ ನಾಳವನ್ನು ಉಬ್ಬಿಸುವಾಗ ಜೋರಾಗಿ ಒತ್ತದಿರುವುದು, ಸ್ವೀಡನ್ನಿನ ಓರೆಬ್ರೋದಲ್ಲಿ ಬೆಳೆದುಬಂದ ಕ್ರಮದಂತೆ ಸುತ್ತಲಿನ ಕೊಬ್ಬಿನ ಸಮೇತ ನಾಳವನ್ನು ಮುಟ್ಟದೆ ತೆಗೆಯುವುದು, ಇವೆಲ್ಲ ಸರ್ಜನ್ ಕೈಯಲ್ಲಿರುವ ವಿಷಯ.

ಪ್ರಶ್ನೆ: ನಮ್ಮ ಯಜಮಾನರಿಗೆ ಬೈಪಾಸ್ ಆಗಿ 18 ದಿನ. 60 ಕೆ.ಜಿ. ತೂಕ, ಶುಗರ್ ಇದೆ. ಎದೆಯ ಹೊಲಿಗೆ ಒಣಗಿದೆ, ಕಾಲಿನ ಗಾಯ ಮಾತ್ರ ಕೆಳಗಡೆ ನೀರು ಬಿಡುತ್ತಿದೆ. ಅತ್ತೆಯವರು ಪಥ್ಯ ಹಿಡಿಸಿದ್ದಾರೆ. ತೊಗರಿಬೇಳೆ, ಬದನೆ, ಮೊಸರು, ಮೊಟ್ಟೆ, ಕಡಲೆಕಾಯಿ ಎಲ್ಲ ನಂಜು, ಕೀವಾಗುತ್ತದೆ ಎಂದು ಗಂಜಿ, ತಿಳಿಸಾರು, ಬ್ರೆಡ್ಡು ಮಾತ್ರ. ಅದರ ಬದಲಿಗೆ ಅಮೈನೋ ಆಸಿಡ್ ಮಾತ್ರೆ ಕೊಟ್ಟರೆ ಸಾಕೇ?
(ತುಮಕೂರು)

ಉತ್ತರ: ಸಾಲದು ತಾಯಿ. ಪಥ್ಯವನ್ನೇ ಬದಲಿಸಬೇಕು. ಅತ್ತೆಯವರು ಮಗನ ಕಾಳಜಿಯಿಂದಲೇ ಹೇಳುತ್ತಿದ್ದಾರೆ, ಆದರೆ ಅವರು ತೆಗೆದುಹಾಕಿದ ಪಟ್ಟಿಯಲ್ಲಿ ಬದನೆಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಗಾಯ ಕೂಡಿಸುವ ಪದಾರ್ಥಗಳೇ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ಬೇಳೆಯಿಂದಲ್ಲ.

ಆರೋಗ್ಯವಂತರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ದೊಡ್ಡ ಆಪರೇಷನ್ ಆದವರಿಗೆ 1.2ರಿಂದ 1.5 ಗ್ರಾಂ ಬೇಕು. ನಿಮ್ಮ ಯಜಮಾನರ 60 ಕೆ.ಜಿ.ಗೆ 72ರಿಂದ 90 ಗ್ರಾಂ. ಗಂಜಿ, ತಿಳಿಸಾರಿನಲ್ಲಿ 25 ಗ್ರಾಂ ಸಿಕ್ಕರೆ ಹೆಚ್ಚು. ಉಳಿದದ್ದನ್ನು ದೇಹ ತನ್ನದೇ ಮಾಂಸಖಂಡ ಕರಗಿಸಿ ತೆಗೆದುಕೊಳ್ಳುತ್ತದೆ. ಆಪರೇಷನ್ ಆಗಿ ಮೂರು ವಾರಕ್ಕೆ ತೊಡೆ ಸಣ್ಣಗಾಗಿ ಮೆಟ್ಟಿಲು ಹತ್ತಲಾಗದಂತಾಗುವುದು ಬಹಳ ಸಲ ಇದೇ ಕಾರಣಕ್ಕೆ.

ಸಸ್ಯಾಹಾರದಲ್ಲೇ ಹೀಗೆ ಹೊಂದಿಸಬಹುದು. ಬೆಳಗ್ಗೆ ಎದ್ದ ಮೇಲೆ 30 ಗ್ರಾಂ ರಾಗಿ ಹಿಟ್ಟಿನ ಅಂಬಲಿಗೆ 200 ಮಿ.ಲೀ. ಹಾಲು, ಸಕ್ಕರೆ ಬೇಡ: 8 ಗ್ರಾಂ. ತಿಂಡಿಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ: 14 ಗ್ರಾಂ. ಮಧ್ಯಾಹ್ನ ಒಂದು ಮುದ್ದೆ, 40 ಗ್ರಾಂ ತೊಗರಿಬೇಳೆಯ ಗಟ್ಟಿ ಸಾರು, 30 ಗ್ರಾಂ ಹುರುಳಿಕಾಳಿನ ಮೊಳಕೆ ಪಲ್ಯ, ಒಂದು ಬಟ್ಟಲು ಮೊಸರು: 27 ಗ್ರಾಂ. ಸಂಜೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜ: 7 ಗ್ರಾಂ. ರಾತ್ರಿ ಎರಡು ಚಪಾತಿ, 25 ಗ್ರಾಂ ಒಣ ಸೋಯಾ ಚಂಕ್ಸ್ ಅಥವಾ 75 ಗ್ರಾಂ ಪನೀರ್, ಮಲಗುವಾಗ ಅರ್ಧ ಲೋಟ ಹಾಲು: 24 ಗ್ರಾಂ. ಒಟ್ಟು 80. ರಾಗಿ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಮೈನೋ ಆಸಿಡ್ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಗಟ್ಟಿ ಸಾರು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಆ ಒಂದು ಹಿಡಿ ಕಡಲೆಕಾಯಿ ಬೀಜದಲ್ಲೇ ಸುಮಾರು 0.9 ಗ್ರಾಂ ಆರ್ಜಿನಿನ್ ಇದೆ. ಊಟದ ಜತೆ ಬರುವ ಆರ್ಜಿನಿನ್‌ಗೆ ಹೆದರಬೇಕಿಲ್ಲ. ಮೊಟ್ಟೆ ತಿನ್ನುವವರಾದರೆ ದಿನಕ್ಕೆ ಒಂದು ಸೇರಿಸಿ, ಇನ್ನೂ 6 ಗ್ರಾಂ. ಕೊಲಾಜನ್ ಹೆಣೆಯಲು ವಿಟಮಿನ್ ಸಿ ಬೇಕು, ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಸಾಕು. ಹಸಿವೆಯೇ ಇಲ್ಲವೆಂದರೆ ಸ್ವಲ್ಪ ಸ್ವಲ್ಪವೇ ಆರು ಸಲ ಕೊಡಿ.

ಅಮೈನೋ ಮಾತ್ರೆಗಳ ಲೆಕ್ಕ ನೋಡಿ: ಒಂದರಲ್ಲಿ ಸಾಮಾನ್ಯವಾಗಿ ಇರುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಒಂದು ಲೋಟ ಹಾಲಿಗೆ ಆರೇಳು ಮಾತ್ರೆ ಸಮ. ಬಿಸಿಎಎ ಎಂದು ಮಾರುವುದರಲ್ಲಿ ಮೂರೇ ಅಮೈನೋ ಆಸಿಡ್‌ಗಳು. ಆಹಾರದಿಂದಲೇ ಬರಬೇಕಾದವು ಒಂಬತ್ತು. ಮೂರರಿಂದ ಚರ್ಮ ಹೆಣೆಯಲಾಗದು. ಆರ್ಜಿನಿನ್, ಗ್ಲುಟಮಿನ್ ಮತ್ತು ಎಚ್‌ಎಂಬಿ (ಲ್ಯೂಸಿನ್ ಎಂಬ ಅಮೈನೋ ಆಸಿಡ್‌ನಿಂದ ಆಗುವ ವಸ್ತು) ಬೆರೆಸಿದ ಪುಡಿಯನ್ನು ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಕೊಟ್ಟು ನೋಡಿದ್ದಾರೆ. ಎಲ್ಲರನ್ನೂ ಸೇರಿಸಿ ನೋಡಿದಾಗ ಲಾಭ ಕಾಣಲಿಲ್ಲ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇದ್ದವರಿಗೆ ಮತ್ತು ಪಾದಕ್ಕೆ ರಕ್ತ ಸಾಲದವರಿಗೆ ಸ್ವಲ್ಪ ಸಹಾಯವಾಯಿತು. ಹಾಗಾಗಿ ಮೊದಲು ಆಲ್ಬುಮಿನ್ ಪರೀಕ್ಷೆ ಮಾಡಿಸಿ. 3.5ಕ್ಕಿಂತ ಕಡಿಮೆ ಬಂದರೆ ಏನು ಕೊಡಬೇಕೆಂದು ಡಾಕ್ಟರೇ ನಿರ್ಧರಿಸಲಿ.

ಈಗ ಕಾಲಿನ ಗಾಯ. ತಿಳಿ ಹಳದಿ ನೀರು, ವಾಸನೆ ಇಲ್ಲ, ಜ್ವರ ಇಲ್ಲ ಎಂದರೆ ಹೆಚ್ಚಿನ ಸಲ ಅದು ಬಾವಿನ ನೀರು. ನಾಳ ತೆಗೆದ ಕಾಲು ಊದಿಕೊಳ್ಳುವುದು ಸಹಜ. ಕುಳಿತಾಗ ಕಾಲು ಇಳಿಬಿಡಬಾರದು. ದಿನಕ್ಕೆ ಮೂರ್ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆ, ಮಲಗಿಸಿ ಕಾಲನ್ನು ಎದೆಗಿಂತ ಮೇಲಿರುವಂತೆ ದಿಂಬಿನ ಮೇಲಿಡಿ. ಆಸ್ಪತ್ರೆಯವರು ಸ್ಟಾಕಿಂಗ್ ಕೊಟ್ಟಿದ್ದರೆ ಬೆಳಗ್ಗೆ ಏಳುವ ಮೊದಲೇ ಹಾಕಿ. ಗಾಯವನ್ನು ಸೋಪು ನೀರಿನಲ್ಲಿ ಮೃದುವಾಗಿ ತೊಳೆದು ಒತ್ತಿ ಒರೆಸಿ. ಅರಿಸಿನ, ಕೊಬ್ಬರಿ ಎಣ್ಣೆ, ಪೌಡರ್ ಯಾವುದೂ ಬೇಡ. ಸುತ್ತ ಕೆಂಪಗಾಗಿ ಹರಡಿದರೆ, ಬಿಸಿಯಾದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ 100.4 ದಾಟಿದರೆ ಅದೇ ದಿನ ತೋರಿಸಿ. ಸಕ್ಕರೆ 180ರ ಮೇಲೆಯೇ ನಿಂತಿದ್ದರೆ ಎಷ್ಟು ಪ್ರೋಟೀನ್ ಕೊಟ್ಟರೂ ಗಾಯ ಕೂಡುವುದು ತಡವಾಗುತ್ತದೆ. ಪಾದದ ಒಳಬದಿ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ, ನಾಳದ ಪಕ್ಕದಲ್ಲೇ ಹೋಗುವ ನರಕ್ಕೆ ಪೆಟ್ಟಾಗಿರುತ್ತದೆ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ಪ್ರಶ್ನೆ: ಬೈಪಾಸ್ ಆದ ನನ್ನ ಅಣ್ಣನಿಗೆ ಕ್ರಿಯಾಟಿನಿನ್ 2.1. ವ್ಹೇ ಪ್ರೋಟೀನ್ ಕೊಡಬಹುದೇ?
(ಮಂಗಳೂರು)

ಉತ್ತರ: ಕ್ರಿಯಾಟಿನಿನ್ ಇಷ್ಟು ಏರಿದೆ ಎಂದರೆ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಮೂತ್ರಪಿಂಡದ ಡಾಕ್ಟರನ್ನು ಕೇಳದೆ ಬೇಡ. ಡಯಾಲಿಸಿಸ್ ಇಲ್ಲದ ಮೂತ್ರಪಿಂಡ ಕಾಯಿಲೆಗೆ ಪ್ರೋಟೀನ್ ಮಿತಿ ಕೆ.ಜಿ.ಗೆ 0.6ರಿಂದ 0.8 ಗ್ರಾಂ. ಆಪರೇಷನ್ ಆದ ಮೊದಲ ವಾರಗಳಲ್ಲಿ ಅದನ್ನು ತುಸು ಸಡಿಲಿಸುತ್ತಾರೆ. ಎಷ್ಟು ಎಂಬುದನ್ನು ಪೊಟ್ಯಾಸಿಯಂ, ಯೂರಿಯಾ ನೋಡಿ ಹೇಳಬೇಕು. ಡಬ್ಬದ ಅಳತೆ ಸೌಟಿನಲ್ಲಿ (ಸ್ಕೂಪ್) ಒಂದು, ಅಂದರೆ 30 ಗ್ರಾಂ, ವ್ಹೇ ಎಂಬ ಹಾಲಿನ ಪ್ರೋಟೀನ್ ಪುಡಿಯಲ್ಲಿ 22 ಗ್ರಾಂ ಪ್ರೋಟೀನ್ ಇರುತ್ತದೆ, ದಿನಕ್ಕೆ ಎರಡು ಹಾಕಿದರೆ ಅಣ್ಣನ ಇಡೀ ದಿನದ ಮಿತಿ ಅಲ್ಲೇ ಮುಗಿದೀತು. ಯಾವ ಡಬ್ಬ ಕೊಂಡರೂ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇದೆಯೇ, ಪ್ರತಿ ಅಮೈನೋ ಆಸಿಡ್ ಎಷ್ಟೆಂದು ಬಿಡಿಸಿ ಬರೆದಿದೆಯೇ ನೋಡಿ. ಪ್ರಮಾಣ ಹೇಳದೆ "ಪ್ರೊಪ್ರೈಟರಿ ಬ್ಲೆಂಡ್" ಎಂದಷ್ಟೇ ಇದ್ದರೆ ಬಿಟ್ಟುಬಿಡಿ.

ಪ್ರಶ್ನೆ: ನನ್ನ ಹೋಮೋಸಿಸ್ಟೀನ್ 24 ಬಂದಿದೆ. ಇದೂ ಅಮೈನೋ ಆಸಿಡ್ ಎಂದು ಲ್ಯಾಬ್‌ನವರು ಹೇಳಿದರು. ಬೈಪಾಸ್ ನಾಳ ಇದರಿಂದ ಮುಚ್ಚುತ್ತದೆಯೇ? ನಾನು ಶುದ್ಧ ಸಸ್ಯಾಹಾರಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ.
(ಬೆಂಗಳೂರು)

ಉತ್ತರ: 15ರವರೆಗೆ ಸಾಮಾನ್ಯ. ಸಸ್ಯಾಹಾರ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಎರಡೂ ಇರುವಾಗ ಮೊದಲ ಅನುಮಾನ ಬಿ12 ಕೊರತೆಯ ಮೇಲೆ. ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರೆಯೋ ಚುಚ್ಚುಮದ್ದೋ ತೆಗೆದುಕೊಳ್ಳಿ. ನರಗಳಿಗೆ, ರಕ್ತಕ್ಕೆ ಅದು ಬೇಕೇ ಬೇಕು. ಹೋಮೋಸಿಸ್ಟೀನ್ ಇಳಿಸಿದರೆ ಹೃದಯಾಘಾತ ತಪ್ಪುತ್ತದೆ ಎಂಬ ಆಸೆ ಮಾತ್ರ ಈಡೇರಲಿಲ್ಲ. 2006ರಲ್ಲಿ ಪ್ರಕಟವಾದ ಹೋಪ್-2, ನಾರ್ವಿಟ್ ಎಂಬ ಎರಡು ದೊಡ್ಡ ಪ್ರಯೋಗಗಳಲ್ಲಿ ಬಿ ವಿಟಮಿನ್‌ಗಳಿಂದ ಸಂಖ್ಯೆ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಹೋಮೋಸಿಸ್ಟೀನ್ ಮೆಥಿಯೋನಿನ್‌ನಿಂದ ಆಗುತ್ತದೆಂದು ಬೇಳೆ, ಹಾಲು ಬಿಡಬೇಡಿ.

ಪ್ರಶ್ನೆ: ನನಗೆ ಕಾಲಿನಲ್ಲೇ ಬೈಪಾಸ್ ಆಗಿದೆ, ತೊಡೆಯಿಂದ ಮೊಣಕಾಲಿನ ಕೆಳಗೆ. ಬೀಡಿ ಕಡಿಮೆ ಮಾಡಿದ್ದೇನೆ. ನಡೆಯುವ ಶಕ್ತಿ ಬರಲು ಆರ್ಜಿನಿನ್ ಸ್ಯಾಷೆ ತೆಗೆದುಕೊಳ್ಳಲೇ?
(ವಿಜಯಪುರ)

ಉತ್ತರ: ಕಾಲಿನ ರಕ್ತನಾಳ ಕಿರಿದಾದ 133 ಮಂದಿಗೆ ದಿನಕ್ಕೆ 3 ಗ್ರಾಂ ಆರ್ಜಿನಿನ್ ಅಥವಾ ಹುಸಿ ಮದ್ದನ್ನು ಆರು ತಿಂಗಳು ಕೊಟ್ಟ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ನಡೆಯುವ ದೂರದಲ್ಲಿ ಹುಸಿ ಮದ್ದಿನವರೇ ಹೆಚ್ಚು ಸುಧಾರಿಸಿದ್ದರು. ನಡಿಗೆಗೆ ಮದ್ದು ನಡಿಗೆಯೇ. ಗಾಯ ಒಣಗಿದ ಮೇಲೆ, ಡಾಕ್ಟರು ಒಪ್ಪಿದರೆ, ವಾರಕ್ಕೆ ಮೂರು ದಿನ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮಾಡಿ.

ಬೀಡಿ ಕಡಿಮೆ ಮಾಡಿದರೆ ಸಾಲದು, ಪೂರ್ತಿ ನಿಲ್ಲಬೇಕು. ಹೊಗೆಸೊಪ್ಪು, ಕಡ್ಡಿಪುಡಿಯೂ ಬೇಡ. ಸೇದುವವರಲ್ಲಿ ಕಾಲಿನ ಬೈಪಾಸ್ ಮುಚ್ಚುವುದು ಬಹಳ ಹೆಚ್ಚು. ಒಂದು, ಮೂರು, ಆರು, ಹನ್ನೆರಡನೆಯ ತಿಂಗಳಿನ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ತಪ್ಪಿಸಬೇಡಿ. ನಾಳ ಕಿರಿದಾಗುತ್ತಿರುವುದು ನೋವು ಶುರುವಾಗುವ ಮೊದಲೇ ಅದರಲ್ಲಿ ಗೊತ್ತಾಗುತ್ತದೆ, ಆಗ ಸರಿಪಡಿಸುವುದೂ ಸುಲಭ. ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆರು ಗಂಟೆಯೊಳಗೆ ರಕ್ತ ಹರಿಯುವಂತೆ ಮಾಡಿದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಮುಂದಿನ ತಿಂಗಳು ನನಗೆ ಬೈಪಾಸ್ ಇದೆ. ಆಪರೇಷನ್‌ಗೆ ಮೊದಲು ಪ್ರೋಟೀನ್ ಬಿಟ್ಟರೆ ನಾಳ ಚೆನ್ನಾಗಿ ಕೂಡುತ್ತದೆ ಎಂದು ಓದಿದೆ. ಇನ್ನೊಂದು ಕಡೆ ಅಮೈನೋ ಪುಡಿ ಕುಡಿಯಿರಿ ಎಂದಿದೆ. ಯಾವುದು ಸರಿ?
(ಶಿವಮೊಗ್ಗ)

ಉತ್ತರ: ನಿಮ್ಮ ಮಟ್ಟಿಗೆ ಎರಡೂ ಬೇಡ. ಬಾಸ್ಟನ್ನಿನ ಸಂಶೋಧಕರು ಇಲಿಗಳಿಗೆ ಆಪರೇಷನ್‌ಗೆ ಮೊದಲು ಸ್ವಲ್ಪ ದಿನ ಮೆಥಿಯೋನಿನ್ ಕಡಿಮೆ ಇರುವ ಆಹಾರ ಕೊಟ್ಟಾಗ ಕಸಿ ನಾಳದ ಗೋಡೆ ಅಷ್ಟಾಗಿ ದಪ್ಪಗಾಗಲಿಲ್ಲ. ನೀವು ಓದಿದ್ದು ಅದೇ ಇರಬೇಕು. ಮನುಷ್ಯರಲ್ಲಿ ಕೆಲವೇ ದಿನಗಳ ಪ್ರೋಟೀನ್ ಮಿತಿಯನ್ನು ಪಾಲಿಸಲು ಆಗುತ್ತದೆಯೇ ಎಂದು ಸಣ್ಣ ಪ್ರಮಾಣದಲ್ಲಿ ನೋಡಿದ್ದಾರೆ, ಅದೂ ತೂಗಿ ಅಳೆದ ಆಹಾರದಲ್ಲಿ, ಡಾಕ್ಟರ ಕಣ್ಣೆದುರು. ಒಂದು ತಿಂಗಳು ಮನೆಯಲ್ಲಿ ಪ್ರೋಟೀನ್ ಬಿಟ್ಟರೆ ಆಲ್ಬುಮಿನ್ ಇಳಿದು, ಎದೆಮೂಳೆ ಕೂಡುವುದು ತಡವಾಗಿ, ಸೋಂಕಿಗೆ ದಾರಿಯಾಗುತ್ತದೆ.

ಈ ತಿಂಗಳಲ್ಲಿ ಮಾಡಬೇಕಾದ್ದು ಬೇರೆ ಇದೆ. ಸಿಗರೇಟು, ಬೀಡಿ ಇದ್ದರೆ ಇಂದೇ ನಿಲ್ಲಿಸಿ. ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಆಲ್ಬುಮಿನ್ ನೋಡಿಸಿ, ಕಡಿಮೆ ಹೆಚ್ಚು ಇದ್ದರೆ ಸರಿಪಡಿಸಲು ಇನ್ನೂ ಸಮಯವಿದೆ. ತೆಗೆದುಕೊಳ್ಳುವ ಪ್ರತಿ ಪುಡಿ, ಮಾತ್ರೆ, ಕಷಾಯದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅರಿವಳಿಕೆ ಡಾಕ್ಟರಿಗೆ ಕೊಡಿ. ಆಸ್ಪಿರಿನ್, ಸ್ಟ್ಯಾಟಿನ್ ನೀವಾಗಿ ನಿಲ್ಲಿಸಬೇಡಿ. ಕಾಲಿನಲ್ಲಿ ಉಬ್ಬಿದ ನಾಳಗಳಿದ್ದರೆ, ಹಿಂದೆ ಲೇಸರ್ ಮಾಡಿಸಿದ್ದರೆ ಮೊದಲೇ ಹೇಳಿ, ಆ ಕಾಲಿನ ನಾಳ ಬಳಸಲು ಬಾರದಿರಬಹುದು. ಯಾವ ಆಸ್ಪತ್ರೆಯಲ್ಲಾದರೂ ಡ್ರಿಪ್‌ಗೆ ಕಾಲಿಗೆ ಸೂಜಿ ಚುಚ್ಚಲು ಬಂದರೆ ಬೈಪಾಸ್ ಇದೆ ಎಂದು ತಿಳಿಸಿ ಕೈಗೇ ಹಾಕಿಸಿಕೊಳ್ಳಿ. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಾಣದಷ್ಟು ಸಣ್ಣ ಗೀರುಗಳಲ್ಲೇ ಸೋಂಕು ಕೂರುತ್ತದೆ. ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ.